ನಮಸ್ಕಾರದ ನಂತರದ ಸಾಲು

ಅವನ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವನ ಕೈ. ಅದೂ ಕಣ್ಣಿಗೆ ಕಂಡ ಕೈ ಅಲ್ಲ.

ಸಂಜೆ ಏಳರ ನ್ಯೂಸ್ ಓದುವವಳು ನಾನು. ಕ್ಯಾಮೆರಾದ ಮುಂದೆ ಒಂದು ಗಾಜು ಇರುತ್ತದೆ, ಅದರ ಮೇಲೆ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಸಾಗುತ್ತವೆ. ನೋಡುವವರಿಗೆ ನಾನು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದ ಹಾಗೆ ಕಾಣುತ್ತದೆ. ನಿಜವಾಗಿ, ಪಕ್ಕದ ಕಂಟ್ರೋಲ್ ರೂಮಿನಲ್ಲಿ ಕೂತ ಒಬ್ಬ ಮನುಷ್ಯ ಸಣ್ಣದೊಂದು ಗುಂಡಿ ತಿರುಗಿಸುತ್ತ ಆ ಸಾಲುಗಳನ್ನು ನಡೆಸುತ್ತಿರುತ್ತಾನೆ. ಅದಕ್ಕೆ ಪ್ರಾಂಪ್ಟರ್ ಎನ್ನುತ್ತಾರೆ.

ಮೊದಲಿದ್ದವನು ಸಾಲುಗಳನ್ನು ಓಡಿಸಿ ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದ. ಒಂದು ಸಂಜೆ ಗಂಟಲು ಕಟ್ಟಿ, ಅರ್ಧ ವಾಕ್ಯದಲ್ಲಿ ಕೆಮ್ಮು ಬಂದು ನಿಂತುಬಿಟ್ಟೆ. ಸಾಲೂ ನಿಂತಿತು. ನಾನು ಉಸಿರು ಎಳೆದುಕೊಳ್ಳುವವರೆಗೆ ಕಾದು ಮೆಲ್ಲಗೆ ಹೊರಟಿತು. ಯಾರಪ್ಪ ಈ ಪುಣ್ಯಾತ್ಮ ಎಂದು ನ್ಯೂಸ್ ಮುಗಿದ ಮೇಲೆ ಒಳಗೆ ಹೋಗಿ ನೋಡಿದೆ.

"ಹೊಸಬರಾ?"

"ಹೌದು ಮೇಡಂ."

"ನಾನು ನಿಂತಾಗ ನಿಲ್ಲಿಸಿದ್ರಲ್ಲ?"

"ಓದೋರು ಓದದೆ ನಾನು ಮುಂದೆ ಹೋಗಲ್ಲ ಮೇಡಂ. ನನಗೆ ಕೆಲಸ ಕಲಿಸಿದೋರು ಹೇಳಿದ್ದು ಅದೊಂದೇ ಪಾಠ. ಅದಕ್ಕೇ ಹಳೇ ಆಫೀಸಲ್ಲಿ ನನ್ನ ಆಮೆ ಅಂತಿದ್ರು."

"ಇಲ್ಲೂ ಅದೇ ಇರ್ಲಿ ಬಿಡಿ. ಕಷ್ಟಪಟ್ಟು ಸಂಪಾದಿಸಿದ ಹೆಸರು."

ಅವನು ತಲೆ ತಗ್ಗಿಸಿ ನಕ್ಕ. ನಗುವಾಗ ಕಿವಿಯ ತುದಿ ಕೆಂಪಾಗುವ ಗಂಡಸರನ್ನು ನಾನು ಹೆಚ್ಚು ನೋಡಿರಲಿಲ್ಲ.

ನಮಸ್ಕಾರ ಹೇಳಿದ ಮೇಲೂ ಒಂದಷ್ಟು ಹೊತ್ತು ಕ್ಯಾಮೆರಾ ನನ್ನ ಮೇಲೆಯೇ ಇರುತ್ತದೆ. ಸಂಗೀತ ಏರುತ್ತದೆ, ದೀಪಗಳು ಇಳಿಯುತ್ತವೆ, ನಾನು ಮೇಜಿನ ಮೇಲಿನ ಖಾಲಿ ಹಾಳೆಗಳನ್ನು ಗಂಭೀರವಾಗಿ ಜೋಡಿಸುತ್ತೇನೆ. ಆಗ ಗಾಜಿನ ಮೇಲೆ ಏನೂ ಇರಬಾರದು. ಆಮೆ ಅಲ್ಲಿ ನನಗೊಬ್ಬಳಿಗೇ ಒಂದು ಸಾಲು ಬರೆಯತೊಡಗಿದ. 'ಮಂತ್ರಿಗಳ ಹೆಸರು ಬಂದಾಗ ನಿಮ್ಮ ಮೂಗು ಸುಕ್ಕಾಯಿತು.' 'ನಿಮ್ಮ ಕಾಫಿ ನಾನೇ ಕುಡಿದೆ, ಕ್ಷಮೆ ಇರಲಿ.' 'ಇವತ್ತಿನ ಹವಾಮಾನ ವರದಿ ಸುಳ್ಳು, ಛತ್ರಿ ತಂದಿದ್ದೇನೆ.' ಜೋರಾಗಿ ನಗುವ ಹಾಗಿಲ್ಲ. ಎಷ್ಟು ತಡೆದರೂ ತುಟಿಯ ಒಂದು ತುದಿ ಮೇಲೇರಿಬಿಡುತ್ತಿತ್ತು.

"ನ್ಯೂಸ್ ತುಂಬ ಪ್ರವಾಹ, ಅಪಘಾತ, ಬೆಲೆ ಏರಿಕೆ," ಎನ್ನುತ್ತಿದ್ದಳು ನನ್ನ ಮೇಕಪ್ ತೆಗೆಯುತ್ತ ಮೇಕಪ್ ಅಕ್ಕ. "ಕೊನೇಲಿ ನಿನಗೊಬ್ಳಿಗೆ ಏನೋ ಸಿಹಿ ಸುದ್ದಿ."

"ಏನಿಲ್ಲ ಅಕ್ಕ."

"ಏನಿಲ್ಲ ಅಂದ್ರೆ ಈ ಕೆನ್ನೆಗೆ ನಾನು ಹಚ್ಚಿದ್ದಕ್ಕಿಂತ ಬಣ್ಣ ಜಾಸ್ತಿ ಯಾಕಿದೆ?"

ಇಷ್ಟಾಗಿದ್ದರೆ ಇದು ಸುಖದ ಕಥೆ. ಆದರೆ ನಾನು ಒಂದು ಪ್ರಶ್ನೆ ಕೇಳಿದೆ.

ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ ಹುಡುಗಿಯೊಬ್ಬಳ ಮೇಲೆ ದಾಳಿಯಾಗಿತ್ತು. ಚರ್ಚೆಗೆ ಬಂದ ಪಕ್ಷವೊಂದರ ವಕ್ತಾರ, ಅಷ್ಟು ಹೊತ್ತಿನಲ್ಲಿ ಅವಳು ಹೊರಗೆ ಯಾಕಿದ್ದಳು ಎಂದ. ನಾನು, "ಹೊಡೆದವನು ಅಷ್ಟು ಹೊತ್ತಿನಲ್ಲಿ ಹೊರಗೆ ಯಾಕಿದ್ದ ಸರ್?" ಎಂದೆ. ಅಷ್ಟೇ.

ಮರುದಿನ ಬೆಳಗಾಗುವಷ್ಟರಲ್ಲಿ ನನ್ನ ಫೋನು ಚರಂಡಿಯಾಗಿತ್ತು. ಪ್ರಶ್ನೆಗೆ ಉತ್ತರ ಬರೆದವನು ಒಬ್ಬನೂ ಇಲ್ಲ. ಬರೆದದ್ದೆಲ್ಲ ನನ್ನ ಎದೆ, ಸೊಂಟ, ತುಟಿಯ ಬಣ್ಣದ ಬಗ್ಗೆ. ನಿನ್ನ ರೇಟು ಎಷ್ಟು ಎಂದವರು, ನನ್ನ ಮುಖ ಕತ್ತರಿಸಿ ಯಾವುದೋ ಬೆತ್ತಲೆ ಮೈಗೆ ಅಂಟಿಸಿದವರು, ಆ ಹುಡುಗಿಗೆ ಆದದ್ದು ನಿನಗೂ ಆಗಲಿ ಎಂದು ಹರಸಿದವರು. ಕಳ್ಳ ಹೆಸರುಗಳಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಸ್ವಂತ ಹೆಸರು, ಸ್ವಂತ ಫೋಟೊ, ತೊಡೆಯ ಮೇಲೆ ಮಗು.

ಒಂಬತ್ತರ ನ್ಯೂಸ್ ಓದುವ ಗಂಡಸು ಅದೇ ವಕ್ತಾರನನ್ನು ನೇರವಾಗಿ ಸುಳ್ಳುಗಾರ ಎಂದಿದ್ದ. ಅವನಿಗೆ ಸಿಕ್ಕ ಬೈಗುಳ 'ದುಡ್ಡಿಗೆ ಮಾರಿಕೊಂಡವನು' ಎಂಬುದು. ಅವನ ಎದೆಯ ಅಳತೆ ಯಾರೂ ಕೇಳಲಿಲ್ಲ.

ಎಡಿಟರ್ ಕೋಣೆಗೆ ಹೋಗಿ ಫೋನನ್ನು ಅವರ ಮುಂದಿಟ್ಟೆ. ಚಾನೆಲ್ ಪೊಲೀಸರಿಗೆ ದೂರು ಕೊಡಬೇಕು ಎಂದೆ. ಅವರು ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಮಾತಾಡುವ ಮನುಷ್ಯ.

"ನೋಡಮ್ಮ, ನಿನ್ನ ಸ್ವಂತ ಫೋನಿಗೆ ಬಂದಿದ್ದಕ್ಕೆ ಚಾನೆಲ್ ಹೇಗೆ ದೂರು ಕೊಡುತ್ತೆ? ನಮ್ಮ ಪೇಜಲ್ಲಿ ಬಂದಿದ್ರೆ ಮಾತು ಬೇರೆ." ಪೇಜ್ ತೆರೆದು ನನ್ನ ಕಡೆ ತಿರುಗಿಸಿದರು. ನನ್ನ ವಿಡಿಯೊದ ಕೆಳಗೆ ಹೂವು, ಹೃದಯ, 'ಸ್ಪಷ್ಟ ಉಚ್ಚಾರ', 'ನಮ್ಮ ಮನೆಮಗಳು'. ಒಂದು ಕೆಟ್ಟ ಮಾತಿಲ್ಲ. "ಜನ ನಿನ್ನ ಎಷ್ಟು ಪ್ರೀತಿಸ್ತಾರೆ ನೋಡು. ನಾಲ್ಕು ಜನ ಹುಚ್ಚರಿಗೆ ಯಾಕೆ ತಲೆ ಕೆಡಿಸ್ಕೊಳ್ತೀಯ? ನಾಯಿ ಬೊಗಳಿದ್ರೆ ದೇವಲೋಕ ಹಾಳಾ?"

"ದೇವಲೋಕದಲ್ಲಿ ಕೂತೋರಿಗೆ ಹಾಳಾಗಲ್ಲ ಸರ್. ಕಚ್ಚಿಸ್ಕೊಳ್ಳೋಳು ನಾನು."

"ಸಿಟ್ಟು ಮಾಡ್ಕೋಬೇಡ. ಸ್ವಲ್ಪ ದಿನ ಮಧ್ಯಾಹ್ನದ ಆರೋಗ್ಯ ಕಾರ್ಯಕ್ರಮ ಮಾಡು. ಬೆನ್ನುನೋವು, ವಿಟಮಿನ್. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ನಾಳೆ ಮೀಟಿಂಗಲ್ಲಿ ತೀರ್ಮಾನ ಮಾಡೋಣ."

ಬೈದವರು ಕುರ್ಚಿಯಲ್ಲೇ ಇರುತ್ತಾರೆ, ಬೈಸಿಕೊಂಡವಳು ಕುರ್ಚಿ ಬಿಡಬೇಕು. ಸಿಟ್ಟಿಗಿಂತ ಹೆಚ್ಚಾಗಿ ನನ್ನ ಮೇಲೇ ನನಗೆ ಅನುಮಾನ ಬಂತು. ಊರೆಲ್ಲ ಹೊಗಳುತ್ತಿದೆ, ನನಗೊಬ್ಬಳಿಗೇ ಹೊಲಸು ಕಾಣುತ್ತಿದೆ. ನಾನೇ ದೊಡ್ಡದು ಮಾಡುತ್ತಿದ್ದೇನೆಯೇ?

ಆಮೆಯ ಹತ್ತಿರ ಹೇಳಿಕೊಂಡರೆ ಸಮಾಧಾನವಾಗುತ್ತದೆ ಎಂದು ಹೋದೆ. ನಮ್ಮದು ಸಣ್ಣ ಚಾನೆಲ್, ಒಬ್ಬೊಬ್ಬರಿಗೆ ಎರಡೆರಡು ಕೆಲಸ. ಚಾನೆಲ್‌ನ ಪೇಜ್ ನೋಡಿಕೊಳ್ಳುವುದೂ ಅವನ ಪಾಲಿಗೇ ಬಿದ್ದಿತ್ತು. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ಅವನ ಹೆಗಲ ಮೇಲಿಂದ ಪರದೆ ಕಾಣುತ್ತಿತ್ತು. ನನ್ನ ಫೋನಿನಲ್ಲಿದ್ದ ಅದೇ ಮಾತುಗಳು, ಅದೇ ಜಾತಿಯ ಫೋಟೊಗಳು. ಒಂದೊಂದನ್ನೇ ಒತ್ತುತ್ತಿದ್ದ, ಅಳಿಸುತ್ತಿದ್ದ.

"ಏನ್ ಮಾಡ್ತಿದೀರ?"

ಬೆಚ್ಚಿ ತಿರುಗಿದ. "ಮೇಡಂ, ಇದು... ನಿಮಗೆ ಕಾಣಬಾರ್ದು ಅಂತ."

"ಯಾವಾಗಿಂದ?"

"ತುಂಬ ದಿನದಿಂದ." ನೆಲ ನೋಡಿದ. "ಮೊದಲನೇದು ನಿಮ್ಮ ಕೊನೇ ನಗುವಿನ ಬಗ್ಗೆ ಇತ್ತು. ಯಾವನಿಗೆ ಕಣ್ಣು ಹೊಡೀತಾಳೆ ಅಂತ. ಆ ನಗು ತರಿಸಿದ್ದು ನಾನು. ನನ್ನಿಂದಾಗಿ ನಿಮಗೆ ಆ ಮಾತು ಬಂತಲ್ಲ ಅಂತ ಅಳಿಸಿದೆ. ಆಮೇಲೆ ನಿಲ್ಲಿಸೋಕಾಗ್ಲಿಲ್ಲ."

ಬೇರೆ ಯಾವ ದಿನವಾದರೂ ನಾನು ಕರಗುತ್ತಿದ್ದೆನೇನೋ. ಅವತ್ತು ಕರಗಲಿಲ್ಲ.

"ನಿನ್ನ ಯಾರು ಕೇಳಿದ್ರು?" ಬಹುವಚನ ಹಾರಿಹೋಯಿತು. "ಈಗ ತಾನೇ ಎಡಿಟರ್ ಮುಂದೆ ಸುಳ್ಳಿ ಆಗಿ ಬಂದೆ. ಹೂವು ತೋರಿಸಿದ್ರು ನನಗೆ. ನಮ್ಮಪ್ಪ ದಿನಾ ಊಟದ ಹೊತ್ತಲ್ಲಿ ಆ ಹೊಗಳಿಕೆ ಓದಿ ಹೇಳ್ತಾರೆ, ಎಂಥ ಒಳ್ಳೇ ಜನ ಪುಟ್ಟಿ ಅಂತ. ನೀನು ಚೊಕ್ಕ ಮಾಡಿದ್ದು ನನ್ನ ಹೆಸರನ್ನಲ್ಲ. ಆ ಗಂಡಸರ ಮುಖಾನ."

ಅವನು ಮೌಸ್ ಮೇಲಿಂದ ಕೈ ತೆಗೆದ.

"ವಾಪಸ್ ತರಬಹುದಾ?"

"ಇಲ್ಲ. ಅಳಿಸಿದ್ದು ಹೋಯ್ತು."

"ಹಾಗಿದ್ರೆ ಇವತ್ತು ಬರೋದ್ರಲ್ಲಿ ಒಂದನ್ನೂ ಮುಟ್ಟಬೇಡ."

"ನಿಮ್ಮ ಅಪ್ಪ ನೋಡ್ತಾರೆ ಮೇಡಂ."

"ನೋಡ್ಲಿ."

ಅಂದದ್ದು ಸುಲಭ. ಅವತ್ತು ನ್ಯೂಸ್ ಮುಗಿದಾಗ ಗಾಜು ಖಾಲಿ ಇತ್ತು, ನಾನೂ ನಗಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಎಂದಿನಂತೆ ಕನ್ನಡಕ ಏರಿಸಿ ಫೋನ್ ತೆಗೆದರು. ಅಮ್ಮ ಹೋದ ಮೇಲೆ ಅದೇ ಅವರ ದಿನದ ಹಬ್ಬ. ಮೊದಲನೆಯದು ಹೊಗಳಿಕೆ, ಜೋರಾಗಿ ಓದಿದರು. ಎರಡನೆಯದರ ಮೊದಲ ಪದ ಬಾಯಿಂದ ಬಂತು, ಮುಂದಿನದು ಬರಲಿಲ್ಲ. ಕಣ್ಣು ಮಾತ್ರ ಕೆಳಗೆ ಹೋಗುತ್ತಿತ್ತು. ತಟ್ಟೆಯ ಮುಂದಿದ್ದ ಕೈ ಅಲ್ಲೇ ಒಣಗಿತು.

"ಇವನು ನಮ್ಮ ಜೊತೆ ವಾಕಿಂಗ್ ಬರ್ತಾನೆ," ಎಂದರು ಫೋನನ್ನು ನನ್ನ ಕಡೆ ತಿರುಗಿಸಿ. "ಮೊನ್ನೆ ನಿನ್ನ ಕೇಳಿದ. ಮಗಳು ಹೇಗಿದಾಳೆ ಅಂತ."

"ಅಪ್ಪಾ."

"ಬಿಟ್ಟುಬಿಡು ಪುಟ್ಟಿ ಈ ಕೆಲಸ."

ನಾನು ಅಪ್ಪನ ತೆರೆದ ಬಾಯಿಯನ್ನೇ ನೋಡುತ್ತಿದ್ದೆ. ಕಣ್ಣಿಗೆ ಎಂಥ ಹೊಲಸನ್ನೂ ದಾಟಿ ಹೋಗಲು ಬರುತ್ತದೆ, ಬಾಯಿಗೆ ಬರುವುದಿಲ್ಲ. ಎಡಿಟರಿಗೆ ಏನು ಮಾಡಬೇಕೆಂದು ನನಗೆ ಆಗ ಹೊಳೆಯಿತು.

ಬೆಳಿಗ್ಗೆ ಅಪ್ಪ ವಾಕಿಂಗ್‌ನಿಂದ ಬೇಗ ಬಂದರು. "ಎಲ್ಲರ ಮುಂದೆ ಫೋನ್ ಕೈಗೆ ಕೊಟ್ಟು, ನೀನು ಬರೆದಿದ್ದನ್ನ ನೀನೇ ಓದು ಅಂದೆ," ಎಂದು ಚಪ್ಪಲಿ ಬಿಟ್ಟರು. "ಅವನು ನಾಳೆಯಿಂದ ಬರಲ್ಲ. ನೀನು ಹೋಗು ಕೆಲಸಕ್ಕೆ."

ಮೀಟಿಂಗಿಗೆ ಎಲ್ಲರೂ ಬಂದಿದ್ದರು. ಮೇಕಪ್ ಅಕ್ಕನೂ ಬಾಗಿಲ ಬಳಿ ನಿಂತಿದ್ದಳು. ನಾನು ಆಮೆಗೆ ಪೇಜನ್ನು ಗೋಡೆಯ ದೊಡ್ಡ ಪರದೆಗೆ ಹಾಕಿ, ಪ್ರಾಂಪ್ಟರ್ ಗುಂಡಿಯಿಂದಲೇ ನಡೆಸಲು ಹೇಳಿದೆ. ಅದೊಂದನ್ನು ಬಿಟ್ಟು ಅವನ ಜೊತೆ ಮಾತಾಡಲಿಲ್ಲ.

"ಪೇಜಲ್ಲಿ ಬಂದ್ರೆ ಮಾತು ಬೇರೆ ಅಂದಿದ್ರಿ ಸರ್. ಬಂದಿದೆ. ಓದಿ."

"ನೋಡಿದೆನಮ್ಮ, ಬೆಳಿಗ್ಗೆನೇ ನೋಡಿದೆ."

"ನೋಡೋದಲ್ಲ. ಜೋರಾಗಿ ಓದಿ. ನಾನು ದಿನಾ ಮಾಡೋ ಕೆಲಸ ಅದು."

ಎಲ್ಲರ ಮುಂದೆ ಇಲ್ಲವೆನ್ನಲಾಗದೆ ಅವರು ಶುರು ಮಾಡಿದರು. ಮೊದಲನೆಯದು ಹೊಗಳಿಕೆ, ಸರಾಗವಾಗಿ ಹೋಯಿತು. ಎರಡನೆಯದರಲ್ಲಿ "ಇವಳ" ಎಂದು ನಿಂತರು. ಪರದೆಯೂ ನಿಂತಿತು. ಗೋಡೆಯಗಲದ ಅಕ್ಷರಗಳಲ್ಲಿ ನನ್ನ ಮೈಯ ಬಗ್ಗೆ ಒಬ್ಬ ತಂದೆ, ಒಬ್ಬ ಗಂಡ, ಒಬ್ಬ ವಾಕಿಂಗ್ ಗೆಳೆಯ ಬರೆದದ್ದು ಎಲ್ಲರ ಮುಂದೆ ನಿಂತಿತ್ತು.

"ಮುಂದೆ ಹೋಗಯ್ಯ," ಎಂದರು ಎಡಿಟರ್.

"ನೀವು ಓದಿಲ್ಲ ಸರ್," ಎಂದ ಆಮೆ. ಗುಂಡಿಯ ಮೇಲಿನ ಕೈ ಕದಲಲಿಲ್ಲ. "ಓದೋರು ಓದದೆ ನಾನು ಮುಂದೆ ಹೋಗಲ್ಲ. ಇನ್ನೊಂದು ಮಾತು. ಇಷ್ಟು ದಿನ ಇದನ್ನೆಲ್ಲ ಅಳಿಸಿದ್ದು ನಾನು. ಮೇಡಂ ಹೇಳಿದ್ದು ಪೂರ್ತಿ ನಿಜ."

"ನಿನಗೆ ಕೆಲಸ ಉಳೀಬೇಕಾ?"

"ಬೇಕು ಸರ್. ಅದಕ್ಕೇ ಅದನ್ನ ಸರಿಯಾಗಿ ಮಾಡ್ತಿದೀನಿ."

ಒಂಬತ್ತರ ಗಂಡಸು ತನ್ನ ಮಂಡಿ ನೋಡುತ್ತ ಕೂತಿದ್ದ. ಬಾಗಿಲಿನಿಂದ ಮೇಕಪ್ ಅಕ್ಕ ಶಾಂತವಾಗಿ, "ನಾನು ಓದ್ಲಾ ಸರ್? ನನಗೂ ಅಕ್ಷರ ಬರುತ್ತೆ," ಎಂದಳು.

"ಬೇಡ." ಎಡಿಟರ್ ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಪರದೆ ಇನ್ನೂ ಅಲ್ಲೇ ಇತ್ತು. "ವಕೀಲರಿಗೆ ಫೋನ್ ಮಾಡಿ. ಚಾನೆಲ್ ಹೆಸರಲ್ಲೇ ದೂರು ಹೋಗ್ಲಿ."

"ಏಳರ ನ್ಯೂಸ್?"

"ನೀನೇ ಓದಮ್ಮ."

ಆಗ ಆಮೆ ಪರದೆ ಆರಿಸಿದ. ನನ್ನ ಕಡೆ ನೋಡಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು. ನನ್ನ ಸಿಟ್ಟು ಇಳಿದಿರಲಿಲ್ಲ, ಇಳಿಸಿಕೊಳ್ಳುವ ಇಷ್ಟವೂ ಇರಲಿಲ್ಲ. ಆದರೆ ಆ ಸಿಟ್ಟಿನ ಸರದಿಯಲ್ಲಿ ಅವನು ಎಷ್ಟೋ ಹಿಂದಕ್ಕೆ ಹೋಗಿಬಿಟ್ಟಿದ್ದ.

ಸಂಜೆ ನ್ಯೂಸ್ ಓದಿದೆ. ನಮಸ್ಕಾರ ಹೇಳಿದೆ. ಸಂಗೀತ ಏರಿತು, ಮೈಕ್ ಆರಿತು, ದೀಪಗಳು ಇಳಿಯತೊಡಗಿದವು. ಗಾಜಿನ ಮೇಲೆ ಒಂದು ಸಾಲು ಹೆದರುತ್ತ ಹೆದರುತ್ತ ಮೇಲೆ ಬಂತು.

'ಇವತ್ತು ಏನೂ ಅಳಿಸಿಲ್ಲ.'

ನಾನು ಹಾಳೆ ಜೋಡಿಸಿದೆ. ಇನ್ನೊಂದು ಬಂತು.

'ನೀವಂದ್ರೆ ನನಗೆ ತುಂಬ ಇಷ್ಟ. ಅಪ್ಪನ ಹತ್ರ ಮಾತಾಡೋಕೆ ಮನೆಗೆ ಬರಲಾ?'

ಸಾಲು ಅಲ್ಲೇ ನಿಂತಿತು. ನಾನು ಓದಿ ಮುಗಿಸಿದ್ದೇನೆ ಎಂದು ತಿಳಿದೂ ನಿಂತಿತ್ತು. ತುಟಿಯ ತುದಿ ತಡೆಯುವ ಗೋಜಿಗೆ ಅವತ್ತು ಹೋಗಲಿಲ್ಲ. ಹಲ್ಲು ಕಾಣುವ ಹಾಗೆ, ಕಣ್ಣು ಮುಚ್ಚುವ ಹಾಗೆ ನಕ್ಕೆ. ನಕ್ಕು, ಕ್ಯಾಮೆರಾವನ್ನೇ ನೋಡುತ್ತ, "ಬಾ," ಎಂದೆ.

ದನಿ ಹೋಗದಿದ್ದರೂ ತುಟಿ ಎಲ್ಲರಿಗೂ ಕಂಡಿತ್ತು. ಮರುದಿನ ಬೆಳಿಗ್ಗೆ ವಿಡಿಯೊದ ಕೆಳಗೆ ಒಬ್ಬ ಬರೆದಿದ್ದ: 'ಬಾ ಅಂದ್ಲು ನೋಡಿ. ಯಾವನಿಗೆ ಅಂದ್ಲು? ಎಷ್ಟಕ್ಕೆ?'

ಆಮೆ ನನ್ನನ್ನು ಕರೆದು ತೋರಿಸಿದ. ಕೈ ಮೇಜಿನ ಮೇಲಿತ್ತು, ಅಳಿಸುವ ಗುಂಡಿಯ ಮೇಲಲ್ಲ. "ಏನ್ ಮಾಡ್ಲಿ? ನೀವು ಹೇಳಿದ ಹಾಗೆ."

"ಅಳಿಸಬೇಡ."

"ಉತ್ತರ ಕೊಡಬಹುದಾ? ನನ್ನ ಹೆಸರಲ್ಲಿ?"

ಅವನು ಕೇಳಿದ್ದು ನನಗೆ ಹಿಡಿಸಿತು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. "ಕೊಡು," ಎಂದೆ.

ಅವನು ಚಾನೆಲ್‌ನ ಪೇಜಿನಿಂದ ಹೊರಬಂದು, ತನ್ನ ಹೆಸರು, ತನ್ನ ಫೋಟೊ ಇದ್ದ ಜಾಗದಿಂದ, ಆ ಮಾತಿನ ಕೆಳಗೆ ನಿಧಾನವಾಗಿ ಒಂದೇ ಪದ ಬರೆದ: 'ನನಗೆ.'

ಆಮೇಲೆ ಇಬ್ಬರೂ ಸೇರಿ ಆ ಕಾಮೆಂಟನ್ನೂ ದೂರಿಗೆ ಸೇರಿಸಿದೆವು.