ಪಡುಗೋಡಿಯ ಹೂಳು

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಮಾಲೇನಹಳ್ಳಿ ದೊಡ್ಡಕೆರೆಯ ಏರಿಯ ಮೇಲೆ, ಕೆರೆಮತಿ ಮೊದಲ ಸಲ ಬಾಯಿ ತೆರೆಯಿತು.

"ನೀರು ಕೋಡಿಕಲ್ಲಿಗಿಂತ ಎರಡು ಗೇಣು ಕೆಳಗಿದೆ. ಮೇಲಿನ ಕೆರೆಯ ನೀರು ನಲವತ್ತು ನಿಮಿಷದಲ್ಲಿ ತಲುಪುತ್ತದೆ. ಪಡುಗೋಡಿಯನ್ನು ತೆರೆಯುತ್ತಿದ್ದೇನೆ."

ಯಾರೂ ಮುಟ್ಟಲಿಲ್ಲ. ಉಕ್ಕಿನ ಬಾಗಿಲು ತಾನೇ ಮೇಲೆದ್ದಿತು. ಹೆಚ್ಚಾದ ನೀರು ಕೆಂಪಗೆ ಪಡುವಣಕ್ಕೆ ಧುಮುಕಿತು. ನೈಸರ್ಗಿಕ ಸಂಪನ್ಮೂಲ ವಲಯದ ಅಧ್ಯಕ್ಷ ರಾಮಲಿಂಗಣ್ಣ ಶಾಮಿಯಾನದ ಕೆಳಗೆ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅವನು ಎದ್ದನೆಂದು ಉಳಿದವರೂ ಎದ್ದರು.

ಕೆರೆಯ ನೀರು ಬಿಡುವ ಕೆಲಸದ ನೀರಗಂಟಿ ಗಂಗುಲಪ್ಪ ತಟ್ಟಲಿಲ್ಲ. ಅವನ ಬಲಗೈಗೆ ತಂತಿಗಳ ಕೈಗವಸು ಹಾಕಿದ್ದರು. ಅದನ್ನು ಹಾಕಿಕೊಂಡು ಚಪ್ಪಾಳೆ ತಟ್ಟಬಾರದು, ಯಂತ್ರ ಅದನ್ನೂ ಪಾಠವೆಂದು ಕಲಿತುಬಿಡುತ್ತದೆ ಎಂದು ಮೊದಲೇ ಎಚ್ಚರಿಸಿದ್ದರು. ಅವನಿಗೆ ಅದು ಒಳ್ಳೆಯದೇ ಆಯಿತು. ಪಡುಗೋಡಿಯ ನೀರು ಇನ್ನೂರು ಹೆಜ್ಜೆ ಹೋಗಿ ಕಾಲೊನಿಯ ಮೊದಲ ಮನೆಯ ಕೋಳಿಗೂಡಿಗೆ ನುಗ್ಗಿದ್ದು ಅವನಿಗೆ ಏರಿಯ ಮೇಲಿಂದಲೇ ಕಾಣುತ್ತಿತ್ತು. ಆ ಮನೆ ಅವನ ಅಕ್ಕ ಮುನಿರತ್ನಮ್ಮನದು. ಪಕ್ಕದ್ದು ಅವನದು.

ಅದು ತಿಂಗಳ ಮಳೆಯೆಲ್ಲ ಎರಡು ದಿನದಲ್ಲಿ ಸುರಿದು ಮುಗಿಯುವ ಕಾಲ. ವಲಯದಲ್ಲಿ ನೂರಹನ್ನೆರಡು ಕೆರೆಗಳಿದ್ದವು. ಒಂದು ತುಂಬಿ ಹರಿದರೆ ಕೆಳಗಿನದಕ್ಕೆ ನೀರು, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಒಂದರ ಏರಿ ಒಡೆದರೆ ಸರಪಳಿಯೇ ಒಡೆಯುತ್ತದೆ. ಯಾವ ಕೋಡಿ, ಯಾವ ಗಳಿಗೆಯಲ್ಲಿ, ಎಷ್ಟು ತೆರೆಯಬೇಕೆಂದು ನಿಮಿಷ ನಿಮಿಷಕ್ಕೂ ಲೆಕ್ಕ ಹಾಕುವ ಕೃತಕಬುದ್ಧಿಯೇ ಕೆರೆಮತಿ. ಅದನ್ನು ಕಟ್ಟಿದವಳು ಡಾಕ್ಟರ್ ಸುಮೇಧಾ. ಕೆಟ್ಟ ಹೆಂಗಸಲ್ಲ. ಕೆಸರಿಗೆ ಇಳಿಯುತ್ತಿದ್ದಳು, ಊಟ ಕೊಟ್ಟರೆ ಕಾಲೊನಿಯಲ್ಲೂ ಕೂತು ಉಣ್ಣುತ್ತಿದ್ದಳು.

ಅವಳು ಯಂತ್ರಕ್ಕೆ ಎರಡು ದಾರಿಯಲ್ಲಿ ವಿದ್ಯೆ ಕಲಿಸಿದ್ದಳು. ಮೊದಲನೆಯದು ಹೂಳುಲಿಪಿ. ಪ್ರವಾಹ ಬಂದು ಹೋದ ಕಡೆ ಹೂಳಿನ ಒಂದು ಪದರ ಉಳಿಯುತ್ತದೆ. ನೆಲಕ್ಕೆ ಕೊಳವೆ ಇಳಿಸಿ ಆ ಪದರಗಳನ್ನು ತೆಗೆದರೆ ತೊಂಬತ್ತು ವರ್ಷಗಳಲ್ಲಿ ನೀರು ಯಾವ ಕಡೆ ಹರಿಯಿತೆಂದು ಪುಸ್ತಕದಂತೆ ಓದಬಹುದು. ಎರಡನೆಯದು ಹಸ್ತಪಾಠ. ಏರಿಯ ಮೇಲಿನ ಕಂಬಕ್ಕೆ ಎರಡು ಹಿಡಿಗಳಿದ್ದವು, ಮೂಡಗೋಡಿಗೊಂದು, ಪಡುಗೋಡಿಗೊಂದು. ಕೈಗವಸು ತೊಟ್ಟ ನೀರಗಂಟಿ ಹಿಡಿ ತಿರುಗಿಸಿದರೆ ಅದು ಯಂತ್ರಕ್ಕೆ ಕೊನೆಯ ಮಾತು. ತನ್ನ ಲೆಕ್ಕವನ್ನು ಬದಿಗಿಟ್ಟು ಅದು ಆ ಕೈಯಿಂದ ಕಲಿಯುತ್ತದೆ. ಒಂದು ಕೆರೆಯಲ್ಲಿ ಕಲಿತದ್ದು ನೂರಹನ್ನೆರಡಕ್ಕೂ ಹೋಗುತ್ತದೆ.

ನೀರಗಂಟಿಯ ಕೈಗೆ ಇಷ್ಟು ಮರ್ಯಾದೆ ಯಾಕೆಂದರೆ, ಅದಕ್ಕೊಂದು ಹಳೆಯ ಕಟ್ಟಳೆಯಿತ್ತು. ಕೆರೆಯ ಕೆಳಗೆ ಒಂದು ಗುಂಟೆ ಜಮೀನೂ ಇಲ್ಲದವನೇ ನೀರಗಂಟಿ ಆಗಬೇಕು. ತನ್ನ ಹೊಲವಿಲ್ಲದವನು ಯಾರ ಹೊಲಕ್ಕೂ ಮೋಸ ಮಾಡಲಾರ. ಸುಮೇಧಾ ತನ್ನ ಪ್ರಬಂಧದಲ್ಲಿ ಇದನ್ನು 'ನಿಃಸ್ವಾರ್ಥ ದತ್ತಾಂಶ' ಎಂದು ಕರೆದಿದ್ದಳು. ಜಮೀನು ಇಲ್ಲದವನಿಗೆ ಜಮೀನು ಯಾಕಿಲ್ಲ ಎಂದು ಮಾತ್ರ ಅವಳು ಕೇಳಿರಲಿಲ್ಲ.

ಮರುದಿನ ಗಂಗುಲಪ್ಪ ವಲಯದ ಆಫೀಸಿಗೆ ಹೋದ. ಅವಳು ಗಾಜಿನ ಕೊಳವೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದಳು.

"ನೋಡಿ ಗಂಗುಲಪ್ಪನವರೇ, ಪಡುಗೋಡಿಯ ಕೆಳಗಿನ ಮಣ್ಣು. ಈ ಕಪ್ಪು ಪಟ್ಟಿ ನಿಮ್ಮ ತಾತನ ಕಾಲದ್ದು, ಈ ಕೆಂಪು ನಿಮ್ಮ ತಂದೆ ಪಿಳ್ಳಪ್ಪನವರ ಕಾಲದ್ದು. ಪ್ರತಿ ಪ್ರವಾಹದಲ್ಲೂ ನೀರು ಇತ್ತಲೇ ಬಂದಿದೆ. ಇದೇ ನೀರಿನ ಸಹಜ ದಾರಿ."

"ಸಹಜ ಅಲ್ಲ ಮೇಡಮ್ಮೋರೆ. ಅತ್ತಾಗೆ ಬಿಟ್ಟಿದ್ದು ನಾವು."

"ಅಂದರೆ?"

"ನೀರು ಕೋಡಿಕಲ್ಲು ಮುಟ್ತಿದ್ದಂಗೆ ಊರಿನ ದೊಡ್ಡೋರು ಏರಿ ಮೇಲೆ ಬಂದು ನಿಂತ್ಕಳೋರು. ಬಾಯ್ಬಿಟ್ಟು ಏನೂ ಯೋಳ್ತಿರ್ಲಿಲ್ಲ. ಕೈಯಾಗಿನ ಕೋಲು ಪಡುವಲಾಗಿ ತೋರ್ಸೋರು, ಅಷ್ಟೆ. ನಮ್ಮಪ್ಪ ಪಡುಗೋಡಿ ಹಲಗೆ ಎತ್ತೋನು. ಎತ್ತಿ, ನೀರಿಗಿಂತ ಮುಂಚೆ ಮನೆ ಸೇರ್ಬೇಕು ಅಂತ ಓಡೋನು. ಹಲಗೆ ಎತ್ತಿದ ಕೈಯಾಗೇ ಮಡಕೆ ಕುಡಿಕೆ ಎತ್ತೋನು. ನಾನೂ ಎತ್ತಿದೀನಿ, ಮೂರು ಸಲ."

ಸುಮೇಧಾ ಕೊಳವೆಯನ್ನೇ ನೋಡಿದಳು. "ಹೂಳು ಸುಳ್ಳು ಹೇಳುವುದಿಲ್ಲ."

"ಸುಳ್ಳು ಅಂತ ನಾನೆಲ್ಲಿ ಅಂದೆ? ಕೇಳೋರು ಅರ್ಧ ಕೇಳವ್ರೆ." ಅವನು ಗಾಜಿನ ಮೇಲೆ ಬೆರಳಿಟ್ಟ. ಕೆಂಪು ಪಟ್ಟಿಯ ನಡುವೆ ಉಗುರಿನಷ್ಟು ಚೂರೊಂದು ಸಿಕ್ಕಿಕೊಂಡಿತ್ತು. "ಇದೇನು?"

"ಮಡಕೆ ಚೂರು. ಎಲ್ಲ ಪದರದಲ್ಲೂ ಸಿಗುತ್ತದೆ. ಅದು ದತ್ತಾಂಶವಲ್ಲ, ಕಸ. ಓದುವಾಗ ಸೋಸಿ ತೆಗೆಯುತ್ತೇವೆ."

ಗಂಗುಲಪ್ಪ ಬೆರಳು ತೆಗೆದ. ಗೋಡೆಯ ಕಡೆ ತಿರುಗಿ ಕೇಳಿದ, "ನಿಮ್ ಆಫೀಸ್ನಾಗೆ ಬೇಸ್ಗೇಲೂ ಗೋಡೆ ಒಸರ್ತದಲ್ಲ, ಯಾಕೆ ಅಂತ ನೋಡಿದ್ರಾ?"

ಆಫೀಸಿನ ಗೋಡೆ ನಿಜಕ್ಕೂ ಒಸರುತ್ತಿತ್ತು. ಎರಡು ಸಲ ಸುಣ್ಣ ಬಳಿಸಿದ್ದರು, ಒಮ್ಮೆ ಟೈಲ್ಸ್ ಹಾಕಿಸಿದ್ದರು.

"ಮೂಡಗೋಡಿ ಕೆಳಗೆ ಹಳ್ಳ ಇತ್ತು ಮೇಡಮ್ಮೋರೆ. ಅದನ್ನ ಮುಚ್ಚಿ ತೆಂಗಿನ ತೋಟ ಮಾಡ್ಕಂಡ್ರು, ತೋಟದ ಮಗ್ಗುಲಾಗೆ ನಿಮ್ ಆಫೀಸ್ ಕಟ್ಟಿದ್ರು. ನೀರು ಮರ್ತಿಲ್ಲ. ಕೆಳಗಿಂದ ಬಂದು ವಿಚಾರಿಸ್ಕಂಡು ಓಗ್ತದೆ."

ಆ ರಾತ್ರಿ ಅವಳಿಗೆ ನಿದ್ದೆ ಬಂದಿತೋ ಇಲ್ಲವೋ ಗೊತ್ತಿಲ್ಲ. ಬೆಳಿಗ್ಗೆಯಂತೂ ಅಧ್ಯಕ್ಷನ ಎದುರು ಕೂತು, ಮೂಡಗೋಡಿಯ ಕೆಳಗೂ ಕೊಳವೆ ಇಳಿಸಿ ನೋಡಬೇಕು ಎಂದಳು. ಆ ತೆಂಗಿನ ತೋಟ ರಾಮಲಿಂಗಣ್ಣನದೇ. ಅವನು ನಕ್ಕ.

"ನೋಡಮ್ಮ, ವಿಜ್ಞಾನ ನಿನ್ನದು, ನಾನು ಕೈ ಹಾಕಲ್ಲ. ಆದ್ರೆ ಪಡುವಣದ ಕಡೆ ಎಲ್ಲಾನೂ ಹಕ್ಕಿಗಳ ಜೌಗು ಸಂರಕ್ಷಣಾ ಪ್ರದೇಶ ಅಂತ ಘೋಷಣೆ ಮಾಡಿ ಆಯ್ತು. ಕರಡು ನಾನೇ ಬರೆದಿದ್ದು. ಐದು ವರ್ಷ ಅಲ್ಲಿ ಯಾರೂ ಗುದ್ದಲಿ ಹಾಕಂಗಿಲ್ಲ, ಇಟ್ಟಿಗೆ ಇಡಂಗಿಲ್ಲ. ನೀರು ನಿಂತಷ್ಟೂ ಹಕ್ಕಿಗೆ ಒಳ್ಳೇದು. ನೀನೇ ಹೇಳಿದ್ಯಲ್ಲ, ಸಹಜ ದಾರಿ ಅಂತ."

"ಅಲ್ಲಿ ನಲವತ್ತಮೂರು ಮನೆಗಳಿವೆ ಸರ್."

"ಅವ್ರೇನು ಇವತ್ತು ಹೊಸದಾಗಿ ನೆನೀತಾರಾ? ಮಳೆ ಬಂದಾಗ ಸ್ಕೂಲಿಗೆ ಕಳಿಸ್ತೀವಿ, ಅನ್ನ ಸಾರು ಹಾಕ್ತೀವಿ. ಅಭ್ಯಾಸ ಆಗಿದೆ."

ಅವಳು ಎದ್ದು ಬಂದಳು. ಸಹಜ ದಾರಿಯ ವರದಿಗೆ ರುಜು ಹಾಕಿ ಬಂದಳು. ಒಳ್ಳೆಯವರ ಕತೆ ಹೆಚ್ಚಾಗಿ ಇಷ್ಟೇ.

ಸೆಪ್ಟೆಂಬರಿನಲ್ಲಿ ಮಳೆ ಹಿಡಿಯಿತು. ಆರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮೇಲಿನ ಇಪ್ಪತ್ತು ಕೆರೆಗಳು ತುಂಬಿ, ನೀರು ದೊಡ್ಡಕೆರೆಯ ಕಡೆ ಹೊರಟಿತ್ತು. ಇಂಥ ನೀರನ್ನು ಮೂರು ತಲೆಮಾರಿನಲ್ಲಿ ಯಾರೂ ಕಂಡಿರಲಿಲ್ಲ. ಪಡುಗೋಡಿ ಪೂರ್ತಿ ತೆರೆದರೆ ಕೋಳಿಗೂಡಲ್ಲ, ಕಾಲೊನಿಯ ಒಂದು ಗೋಡೆಯೂ ನಿಲ್ಲುತ್ತಿರಲಿಲ್ಲ.

ಗಂಗುಲಪ್ಪ ಮನೆಮನೆಗೆ ಹೋಗಿ ಎಬ್ಬಿಸಿದ. ಜನ ಗಂಟುಮೂಟೆ ಹೊತ್ತು ಶಾಲೆಯ ಕಡೆ ನಡೆದರು. ಮುನಿರತ್ನಮ್ಮ ಮಾತ್ರ ಬಾಗಿಲಲ್ಲಿ ಕೂತೇ ಇದ್ದಳು. ಇಟ್ಟಿಗೆಗೂಡಿನಲ್ಲಿ ಹದಿನೈದು ವರ್ಷ ಹೊರೆ ಹೊತ್ತು, ಆ ಇಟ್ಟಿಗೆಯಲ್ಲೇ ಎಬ್ಬಿಸಿದ ಮನೆ ಅದು.

"ಏಳಕ್ಕ, ಒತ್ತಾಗ್ತದೆ."

"ನಾನು ಏಳಲ್ಲ. ನೀನು ಓಗಿ ಎತ್ತು, ಅಪ್ಪ ಎತ್ತಿದಂಗೆ."

"ನಾನೆಲ್ಲಿ ಎತ್ತೋದು ಈಗ? ಯಂತ್ರ ಎತ್ತತದೆ."

"ಅದಕ್ಕೆ ಕಲ್ಸಿದ್ಯಾರು? ಆ ಗೌಸು ಆಕ್ಕಂಡು ಮದ್ವೆಗಂಡಿನಂಗೆ ಕೈ ಚಾಚ್ಕಂಡು ನಿಂತಿದ್ಯಲ್ಲ, ಅದಾರಪ್ಪ?" ಅವಳು ಸೆರಗಿನಿಂದ ಮುಖದ ನೀರು ಒರೆಸಿಕೊಂಡಳು. "ಎತ್ತೋ ತಮ್ಮ. ಆದ್ರೆ ಈ ಸಲ ಓಡ್ಬರ್ಬ್ಯಾಡ. ಮಡಕೆ ನಾನೇ ಇಟ್ಕಂಡು ಕುಂತಿರ್ತೀನಿ."

ಗಂಗುಲಪ್ಪ ಏರಿ ಹತ್ತಿ ಕೈಗವಸು ತೊಟ್ಟ. ರಾಮಲಿಂಗಣ್ಣ ಕೊಡೆ ಹಿಡಿದು ಅಲ್ಲೇ ನಿಂತಿದ್ದ. ಸುಮೇಧಾ ಪರದೆಯ ಎದುರು ಕೂತಿದ್ದಳು.

"ಏನ್ಲಾ ಗಂಗುಲಾ, ಕಾಲೊನಿ ಖಾಲಿ ಆಯ್ತಾ?"

"ಒಂದ್ ಮನೆ ಐತೆ ಸ್ವಾಮಿ."

"ಒಂದು ತಾನೆ," ಎಂದ ರಾಮಲಿಂಗಣ್ಣ.

ಕೆರೆಮತಿ ಮಾತಾಡಿತು. "ನೀರು ಕೋಡಿಕಲ್ಲಿಗೆ ಬಂದಿದೆ. ಪಡುಗೋಡಿಯನ್ನು ಪೂರ್ತಿ ತೆರೆಯುತ್ತಿದ್ದೇನೆ."

ಬಾಗಿಲು ಒಂದು ಗೇಣು ಎದ್ದಿತು. ಗಂಗುಲಪ್ಪ ಕಂಬದ ಹತ್ತಿರ ಹೋಗಿ ಪಡುಗೋಡಿಯ ಹಿಡಿಯನ್ನು ಕೆಳಕ್ಕೆ ತಿರುಗಿಸಿದ. ಬಾಗಿಲು ಮುಚ್ಚಿತು. ಆಮೇಲೆ ಮೂಡಗೋಡಿಯ ಹಿಡಿ. ಮೂರು ತಲೆಮಾರಿನಲ್ಲಿ ಅವನ ಮನೆಯವರು ಯಾರೂ ಮುಟ್ಟದ ಕಡೆ ಅದು. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದ.

"ಲೇ! ಲೇ, ಬಿಡ್ಲಾ! ಸುಮೇಧಾ, ನಿಲ್ಸಮ್ಮ ಅದನ್ನ!"

"ಆಗುವುದಿಲ್ಲ ಸರ್," ಎಂದಳು ಸುಮೇಧಾ. ಅವಳ ಧ್ವನಿಯಲ್ಲಿ ಏನಿತ್ತೋ. "ನೀರಗಂಟಿಯ ಕೈ. ಕೊನೆಯ ಮಾತು."

ನೀರು ಮೂಡಲಿಗೆ ಹೊರಳಿತು. ದಾರಿ ಹುಡುಕಲಿಲ್ಲ, ತಡವರಿಸಲಿಲ್ಲ. ಮೇವು ಮುಗಿಸಿದ ಎತ್ತು ತನ್ನ ಕೊಟ್ಟಿಗೆಗೆ ನಡೆದಂತೆ ತೋಟದ ನಡುವೆ ನಡೆದು, ವಲಯದ ಆಫೀಸಿನ ಮುಂಬಾಗಿಲಿಂದ ಒಳಹೊಕ್ಕು ಹಿಂಬಾಗಿಲಿಂದ ಹೊರಬಂತು. ಯಾರೂ ಸಾಯಲಿಲ್ಲ. ಆ ಕಡೆಯವರ ಮನೆಗಳೆಲ್ಲ ದಿಬ್ಬದ ಮೇಲಿದ್ದವು, ಮಹಡಿಯಿದ್ದವು.

"ಹಸ್ತಪಾಠ ಸ್ವೀಕರಿಸಿದ್ದೇನೆ," ಎಂದಿತು ಕೆರೆಮತಿ. "ಕಾರಣ ಹುಡುಕುತ್ತಿದ್ದೇನೆ."

ಗಂಗುಲಪ್ಪ ಹಿಡಿಯಿಂದ ಕೈ ತೆಗೆದ.

"ಕಾರಣ ಸಿಕ್ಕಿತು. ಪಡುವಣದಲ್ಲಿ ನೀರಿನ ದಾರಿಗೆ ಮನೆಗಳಿವೆ. ಮೂಡಲಲ್ಲಿ ಇಲ್ಲ."

ಸುಮೇಧಾ ಪರದೆ ನೋಡಿದಳು. ವಲಯದ ನಕ್ಷೆಯಲ್ಲಿ ಕೆರೆಗಳ ಚುಕ್ಕೆಗಳು ಒಂದೊಂದಾಗಿ ಬಣ್ಣ ಬದಲಿಸತೊಡಗಿದ್ದವು. ಕಲಿತ ಪಾಠ ಸರಪಳಿಯಲ್ಲಿ ಇಳಿಯುತ್ತಿತ್ತು. ಎಲ್ಲೆಲ್ಲಿ ಎರಡು ಕೋಡಿಗಳಿದ್ದು ಒಂದರ ಕೆಳಗೆ ತಗ್ಗಿನ ಮನೆಗಳಿದ್ದವೋ ಅಲ್ಲೆಲ್ಲ ಯಂತ್ರ ಆ ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆಯುತ್ತಿತ್ತು. ಅವಳು ಎಣಿಸಿದಳು. ನೂರಹನ್ನೆರಡರಲ್ಲಿ ತೊಂಬತ್ತೆಂಟು. ತೊಂಬತ್ತೆಂಟು ಕೆರೆಗಳಲ್ಲಿ, ನೀರಿನ ಸಹಜ ದಾರಿಯಲ್ಲಿ, ಒಂದೊಂದು ಕೇರಿ. ತಾನು ಕಸವೆಂದು ಸೋಸಿ ಎಸೆದ ಮಡಕೆ ಚೂರುಗಳು ಎಷ್ಟಿದ್ದವೆಂದು ಅವಳಿಗೆ ಆಗ ನೆನಪಾಯಿತು.

ವಿಚಾರಣಾ ಸಮಿತಿ ಕೂತಿತು. ಸಮಿತಿಯವರು ಗಂಗುಲಪ್ಪನಿಗೆ ಕೇಳಿದ್ದು ಒಂದೇ ಪ್ರಶ್ನೆ.

"ನಿನಗೆ ಕಾಲೊನಿಯಲ್ಲಿ ಮನೆ ಇದೆಯಾ?"

"ಐತೆ ಸ್ವಾಮಿ."

"ಅಂದ ಮೇಲೆ ನಿನಗೆ ಸ್ವಾರ್ಥ ಇದೆ."

ಅಕ್ಕನ ಕೋಳಿಗೂಡು ಮುಳುಗಿದಾಗ, ಅಪ್ಪ ಮಡಕೆ ಹೊತ್ತು ಓಡಿದಾಗ, ತೊಂಬತ್ತು ವರ್ಷ ಯಾರ ಕಣ್ಣಿಗೂ ಬೀಳದ ಆ ಮನೆ ಅಂದು ಮೊದಲ ಸಲ ಸರ್ಕಾರದ ಕಾಗದದ ಮೇಲೆ ಬಂತು. ವರದಿ ಹೀಗಿತ್ತು: ಯಂತ್ರ ನಿರ್ದೋಷಿ, ಒಬ್ಬ ಪಕ್ಷಪಾತಿಯ ಕೈಯಿಂದ ಅದಕ್ಕೆ ಒಂದು ದಿನದ ಮಟ್ಟಿಗೆ ದೋಷ ಅಂಟಿದೆ, ಆ ದಿನವನ್ನು ಅಳಿಸತಕ್ಕದ್ದು, ಹಸ್ತಪಾಠವನ್ನು ರದ್ದು ಮಾಡತಕ್ಕದ್ದು. ಸುಮೇಧಾ ಆಗುವುದಿಲ್ಲ ಎಂದಳು. ಅವಳನ್ನು ಹಕ್ಕಿ ಎಣಿಸುವ ವಿಭಾಗಕ್ಕೆ ಹಾಕಿ, ಬೇರೆಯವರ ಕೈಯಲ್ಲಿ ಅಳಿಸಿದರು. ಗಂಗುಲಪ್ಪನ ಕೈಗವಸು ಕಿತ್ತುಕೊಂಡು ಮನೆಗೆ ಕಳಿಸಿದರು.

ಆದರೆ ಒಂದು ಉಳಿದಿತ್ತು. ಮೂಡಲ ಕಡೆಯೆಲ್ಲ ಮೊಣಕಾಲುದ್ದ ಹೂಳು ಕೂತಿತ್ತು. ಮುಂದೊಂದು ದಿನ ಯಾರಾದರೂ ಅಲ್ಲಿ ಕೊಳವೆ ಇಳಿಸಿದರೆ ಓದಿಬಿಡುತ್ತಾರೆ. ಅದನ್ನು ಕೆರೆದು ತೆಗೆಯಬೇಕೆಂದು ರಾಮಲಿಂಗಣ್ಣ ಕಾಲೊನಿಯಲ್ಲಿ ತಮಟೆ ಹೊಡೆಸಿದ. ಮನೆಗೊಂದು ಆಳು, ಆಳಿಗೊಂದು ಮಂಕರಿ. ತಮಟೆಯವನು ಮೂರು ಸುತ್ತು ಹೊಡೆದ. ಒಬ್ಬರೂ ಹೊರಗೆ ಬರಲಿಲ್ಲ.

"ನಮ್ ಕೈ ಸೋತೋಯ್ತಪ್ಪ, ಇನ್ನೊಂದ್ ಬೀದಿ ನೋಡ್ಕೊ," ಎಂದು ಮುನಿರತ್ನಮ್ಮ ಒಳಗಿನಿಂದ ಕೂಗಿದಳು.

ಕೊನೆಗೆ ಹೊರಗಿನಿಂದ ಜೆಸಿಬಿ ತರಿಸಿದರು. ತೆಗೆದ ಹೂಳನ್ನು ಎಲ್ಲಿ ಸುರಿಯುವುದು? ಅದನ್ನೂ ಯಾರೂ ಯೋಚಿಸಬೇಕಾಗಲಿಲ್ಲ. ಊರಿನ ಕಸ ಎಲ್ಲಿ ಬೀಳುತ್ತದೋ ಅಲ್ಲಿ, ಕಾಲೊನಿಯ ಮುಂದೆ, ಪಡುಗೋಡಿಯ ಬಾಯಿಗೆ. ಲಾರಿ ಮೇಲೆ ಲಾರಿ. ಮನೆಗಳಿಗೆ ಮೂಡಲ ಬೆಳಕೇ ಬಾರದಷ್ಟು ಎತ್ತರ ಸುರಿದರು.

ಮರುವರ್ಷ ಜೂನ್. ಮೊದಲ ದೊಡ್ಡ ಮಳೆ. ಒಂದು ದಿನವನ್ನು ಮರೆತ ಕೆರೆಮತಿ ಎಂದಿನಂತೆ ಹೇಳಿತು, "ಪಡುಗೋಡಿಯನ್ನು ತೆರೆಯುತ್ತಿದ್ದೇನೆ." ನೀರು ಧುಮುಕಿ ಬಂದು ಹೂಳಿನ ದಿಬ್ಬಕ್ಕೆ ಬಡಿಯಿತು. ಹತ್ತಲಾರದೆ ಹೊರಳಿ, ಏರಿಯ ಬುಡ ಹಿಡಿದು ಮೂಡಲಿಗೆ ನಡೆದು, ರಾಮಲಿಂಗಣ್ಣನ ತೋಟ ಸೇರಿತು.

ಅವನು ಅವತ್ತೇ ಜೆಸಿಬಿಗೆ ಫೋನ್ ಮಾಡಿದ. ಆದರೆ ದಿಬ್ಬ ಬಿದ್ದಿದ್ದು ಸಂರಕ್ಷಣಾ ಪ್ರದೇಶದ ಒಳಗೆ, ಅದರ ಮೇಲೆ ಆಗಲೇ ಟಿಟ್ಟಿಭ ಹಕ್ಕಿಗಳು ಮೊಟ್ಟೆಯಿಟ್ಟಿದ್ದವು. ಸುರಿಯಬಾರದೆಂದು ನಿಯಮದಲ್ಲಿ ಇರಲಿಲ್ಲ. ಐದು ವರ್ಷ ಗುದ್ದಲಿ ಹಾಕಬಾರದೆಂದಿತ್ತು. ಕರಡು ಅವನೇ ಬರೆದದ್ದು.

ಇಟ್ಟಿಗೆ ಇಡಬಾರದೆಂದೂ ಇತ್ತು. ಹೋದ ವರ್ಷ ಒಂದು ಗೇಣು ಬಾಗಿಲು ಎದ್ದಷ್ಟು ಹೊತ್ತಿಗೇ ಬಂದ ನೀರಿಗೆ ಮುನಿರತ್ನಮ್ಮನ ಮನೆಯ ಹಿಂದಿನ ಗೋಡೆ ಬಿದ್ದಿತ್ತು. ಅದನ್ನು ಮತ್ತೆ ಎಬ್ಬಿಸಿದ್ದಕ್ಕೆ ವಲಯದವರು ನೋಟಿಸ್ ಅಂಟಿಸಿ ಕೆಡವಿಸಿದರು. ಅವಳು ಅಲ್ಲಿ ಟಾರ್ಪಾಲು ಕಟ್ಟಿಕೊಂಡಳು. ನಲವತ್ತಮೂರು ಮನೆಗಳ ಬಾಗಿಲಿಗೂ ನೋಟಿಸ್ ಬಂತು: ಪಕ್ಷಿಗಳ ನೆಲೆಯಲ್ಲಿ ಅನಧಿಕೃತ ವಾಸ.

ಸುಮೇಧಾ ಹಕ್ಕಿ ಎಣಿಸಲು ಬಂದ ದಿನ ಗಂಗುಲಪ್ಪ ದಿಬ್ಬದ ಮೇಲೆ ಕೋಲು ಹಿಡಿದು ಕೂತಿದ್ದ. ನಾಯಿಯೊಂದು ಗೂಡಿನ ಕಡೆ ಮೂಸುತ್ತ ಬಂದಾಗ ಎದ್ದು ಅಟ್ಟಿದ.

"ಎಷ್ಟು ಹೊತ್ತಿನಿಂದ ಕೂತಿದ್ದೀರಿ?"

"ಬೆಳಗ್ಗೆಯಿಂದ. ಮದ್ಯಾನಕ್ಕೆ ಅಕ್ಕ ಬತ್ತಾಳೆ. ಸಂಜೆ ಬೇರೆಯೋರು. ಪಾಳಿ ಮಾಡ್ಕಂಡಿದೀವಿ."

ಅವಳು ಬಗ್ಗಿ ಎಣಿಸಿ, ಪುಸ್ತಕ ತೆಗೆದಳು. "ನಾಲ್ಕು ಮೊಟ್ಟೆ."

"ಬರ್ಕಳಿ. ಅದರ ಪಕ್ಕದಾಗೇ ಮನೆ ನಲವತ್ತಮೂರು ಅಂತ ಬರ್ಕಳಿ."

ಸುಮೇಧಾ ಹಾಳೆಯನ್ನು ಅವನ ಕಡೆ ತಿರುಗಿಸಿದಳು. ಹಕ್ಕಿ, ಗೂಡು, ಮೊಟ್ಟೆ, ಮರಿ. "ಮನೆಗೆ ಕಾಲಂ ಇಲ್ಲ ಗಂಗುಲಪ್ಪನವರೇ."

"ಅಂಗಾದ್ರೆ ಮೊಟ್ಟೆ ಸರ್ಯಾಗಿ ಬರ್ಕಳಿ ಮೇಡಮ್ಮೋರೆ," ಎಂದ ಗಂಗುಲಪ್ಪ. "ಅವು ಇರೋವರ್ಗೂ ಈ ದಿಬ್ಬ ಇರ್ತದೆ, ನಾವಿರ್ತೀವಿ."

ನಾಯಿ ದೂರದಲ್ಲಿ ನಿಂತು ನೋಡುತ್ತಿತ್ತು. ಅವನು ಕೋಲು ಎತ್ತಿಕೊಂಡು ಮತ್ತೆ ಎದ್ದ.