ಹಳದಿ ಗೆರೆಯ ಆಚೆ ಒಂದು ಬೆರಳು

"ಕೈ ಎಲ್ಲಿದೆ?" ಲ್ಯಾಬಿನ ಮೇಡಂ ಕೇಳಿದರು.

"ಕಂಕುಳಲ್ಲಿ!" ಎಂದಳು ಯಾಕಮ್ಮ.

"ಕಾಲು?"

"ಹಳದಿ ಗೆರೆಯಿಂದ ಈಚೆ!"

"ಬಾಯಿ?"

ಯಾಕಮ್ಮ ತುಟಿ ಬಿಗಿಹಿಡಿದಳು. ಮೂರರಲ್ಲಿ ಅದೇ ಕಷ್ಟದ ಕೆಲಸ. ಅವಳಿಗೆ ಇಟ್ಟ ಹೆಸರು ಬೇರೆ. ಆದರೆ ಮಾತೆತ್ತಿದರೆ 'ಯಾಕೆ' ಎನ್ನುತ್ತಿದ್ದುದರಿಂದ ಮನೆಯಲ್ಲೂ ಶಾಲೆಯಲ್ಲೂ ಬಸ್ ಕಂಡಕ್ಟರನ ಬಾಯಲ್ಲೂ ಅವಳು ಯಾಕಮ್ಮನೇ.

ಅವತ್ತು ಶನಿವಾರ, ಶಾಲೆಗೆ ರಜೆ. ಅಮ್ಮ ಅವಳನ್ನು ತನ್ನ ಕಮ್ಯುನಿಟಿ ಕಾಲೇಜಿಗೆ ಕರೆತಂದಿದ್ದಳು. ಮೊದಲು ಅಮ್ಮನ ಲ್ಯಾಬಿನ ಎದುರಿದ್ದ ಸಮಾಜ ವಿಜ್ಞಾನದ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಜನ ಕ್ಯೂನಲ್ಲಿ ಹೇಗೆ ನಿಲ್ಲುತ್ತಾರೆ ಎಂಬ ಪಾಠ ನಡೆದಿತ್ತು. ಹನ್ನೊಂದನೇ 'ಯಾಕೆ'ಗೆ ಅಲ್ಲಿನ ಸರ್ ಸುಸ್ತಾಗಿ ಅವಳನ್ನು ಲ್ಯಾಬಿಗೇ ವಾಪಸ್ ಕಳಿಸಿದರು.

ಲ್ಯಾಬು ನೋಡಲು ಆಸ್ಪತ್ರೆಯ ಆಪರೇಷನ್ ಕೋಣೆಯಂತೆಯೇ ಇತ್ತು. ಸಲಕರಣೆಯ ಮೇಜಿನ ಸುತ್ತ ನೆಲದ ಮೇಲೆ ಹಳದಿ ಗೆರೆ ಎಳೆದಿತ್ತು, ನೋಡಲು ಬಂದವರು ಅದನ್ನು ದಾಟುವಂತಿರಲಿಲ್ಲ. ಅಮ್ಮ ಹತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ದುಡಿದವಳು. ಈಗ ಆಪರೇಷನ್ ಮಾಡುವ ಡಾಕ್ಟರಿಗೆ ಸಲಕರಣೆ ಜೋಡಿಸಿ ಕೊಡುವ ಕೋರ್ಸ್ ಓದುತ್ತಿದ್ದಳು. ಇವತ್ತಿನ ಟೆಸ್ಟ್ ಪಾಸಾದರೆ ಸೋಮವಾರದಿಂದ ನಿಜವಾದ ಆಸ್ಪತ್ರೆಯಲ್ಲಿ ತರಬೇತಿ.

ಎರಡು ತಿಂಗಳಿಂದ ಮನೆಯ ಊಟದ ಮೇಜಿನ ಮೇಲೂ ಇದೇ ನಡೆದಿತ್ತು. ನೀಲಿ ಬಟ್ಟೆ ಹಾಸಿ, ಚಮಚ, ಫೋರ್ಕು, ಬಟ್ಟೆ ಕ್ಲಿಪ್ಪುಗಳನ್ನು ಸಾಲಾಗಿ ಇಡುವುದು. ಕೈ ತೊಳೆದು ಗ್ಲೌಸ್ ಹಾಕಿದವರಷ್ಟೇ ಮುಟ್ಟಬೇಕು. ಬೇರೆ ಯಾರಾದರೂ ಮುಟ್ಟಿದರೆ, ಇಲ್ಲವೇ ಜೋಡಿಸುವವರ ಕೈ, ಮೊಣಕೈ ಬೇರೆಲ್ಲಾದರೂ ತಾಗಿದರೆ, ಎಲ್ಲವನ್ನೂ ತೆಗೆದು ಮೊದಲಿನಿಂದ ಶುರು. ಚಮಚ ಕೇಳುವ ಧೈರ್ಯ ಸಾಲದೆ ಅಪ್ಪ ಒಂದು ದಿನ ಪೆನ್ಸಿಲಿನಿಂದ ಟೀ ಕಲಕಿದ್ದ.

"ಅರ್ಧ ಗಂಟೆ. ಶುರು!" ಮೇಡಂ ಗಡಿಯಾರದ ಗುಂಡಿ ಒತ್ತಿದರು.

ಅಮ್ಮನ ಕೈ ಚಕಚಕನೆ ಓಡಿತು. ಕತ್ತರಿ, ಚಿಮುಟ, ಇಕ್ಕಳ, ಹತ್ತಿಬಟ್ಟೆಯ ತುಂಡುಗಳು. ಎಲ್ಲವೂ ಆಗಷ್ಟೇ ರೋಗಾಣು ಕೊಲ್ಲುವ ಹಬೆ ಯಂತ್ರದಿಂದ ಬಂದಿದ್ದವು. ಪಕ್ಕದ ಮಂಚದಲ್ಲಿ ನಾಟಕದ ಕೋರ್ಸಿನ ಅಣ್ಣನೊಬ್ಬ ಪೇಷೆಂಟಾಗಿ ಮಲಗಿದ್ದ. ಅವನ ಹೊಟ್ಟೆ ಹೊದಿಕೆಯ ಕೆಳಗೆ ಮೆಲ್ಲಗೆ ಏರಿ ಇಳಿಯುತ್ತಿತ್ತು.

ಡಾಕ್ಟರ್ ಪಾತ್ರ ಮೇಡಂ ಅವರದ್ದು. ಅವರಿಗೆ ಗೌನ್ ತೊಡಿಸಲು ಅಮ್ಮ ಆ ಕಡೆ ತಿರುಗಿದಳು.

ಮೇಜಿನ ತುದಿಯ ಕತ್ತರಿ ಯಾಕಮ್ಮನಿಗೆ ತೀರಾ ಹತ್ತಿರವಿತ್ತು. ಹಬೆಯಿಂದ ಬಂದದ್ದಲ್ಲವೇ, ಇನ್ನೂ ಬಿಸಿ ಇದೆಯಾ? ಒಂದೇ ಒಂದು ಬೆರಳು ಕಂಕುಳಿಂದ ಹೊರಬಂತು, ಗೆರೆ ದಾಟಿತು, ಕತ್ತರಿಯ ಉಂಗುರವನ್ನು ಮುಟ್ಟಿತು. ಬಿಸಿಯಿರಲಿಲ್ಲ. ತಣ್ಣಗಿತ್ತು.

ತಲೆ ಎತ್ತಿದರೆ ಪೇಷೆಂಟ್ ಅಣ್ಣ ಒಂದು ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದ! ಯಾಕಮ್ಮನ ಜೀವ ಬಾಯಿಗೆ ಬಂತು.

"ಹೆದರ್ಬೇಡ," ಅಣ್ಣ ಪಿಸುಗುಟ್ಟಿದ. "ನಾವೂ ಸ್ಟೇಜ್ ಮೇಲೆ ಡೈಲಾಗ್ ಮರೀತೀವಿ. ಏನೂ ಆಗಿಲ್ಲ ಅನ್ನೋ ಥರ ಮುಂದಕ್ಕೆ ಹೋಗ್ತೀವಿ. ಯಾರಿಗೂ ಗೊತ್ತಾಗಲ್ಲ."

ಯಾಕಮ್ಮನಿಗೆ ಹೋದ ಜೀವ ಬಂದಂತಾಯಿತು. ಆದರೆ ಪೂರ್ತಿ ಬರಲಿಲ್ಲ.

ಮೇಡಂ ಕೈ ಚಾಚಿದರು. "ಚಿಮುಟ." ಅಮ್ಮ ಕೊಟ್ಟಳು. "ಇಕ್ಕಳ." ಅದನ್ನೂ ಕೊಟ್ಟಳು. ಅಮ್ಮನ ಕಣ್ಣಲ್ಲಿ ಆಗಲೇ ನಗು ಮೂಡಿತ್ತು. ಹತ್ತೇ ನಿಮಿಷ ಉಳಿದಿತ್ತು.

"ಕತ್ತರಿ."

ಅಮ್ಮ ಅದೇ ಕತ್ತರಿಯನ್ನು ಎತ್ತಿದಳು. ಅಣ್ಣನ ಹೊಟ್ಟೆ ಏರಿತು, ಇಳಿಯಿತು. ಇದು ಸುಳ್ಳು ಆಪರೇಷನ್ ಎಂದು ಯಾಕಮ್ಮನಿಗೆ ಗೊತ್ತಿತ್ತು. ಅಣ್ಣನಿಗೆ ಏನೂ ಆಗುವುದಿಲ್ಲ ಎಂದೂ ಗೊತ್ತಿತ್ತು. ಆದರೂ ಆ ಹೊಟ್ಟೆಯಿಂದ ಕಣ್ಣು ಕೀಳಲು ಅವಳಿಂದ ಆಗಲಿಲ್ಲ.

"ಅಮ್ಮಾ, ಅದು ಬೇಡ!" ಅವಳ ದನಿ ಕೀರಲಾಯಿತು. "ನಾನು ಅದನ್ನ ಮುಟ್ಬಿಟ್ಟೆ."

ಪೇಷೆಂಟ್ ಅಣ್ಣ ಎರಡೂ ಕಣ್ಣು ಬಿಟ್ಟ.

"ಎಷ್ಟು ಬೆರಳು?" ಅಮ್ಮ ಕೇಳಿದಳು.

"ಒಂದೇ."

ಅಮ್ಮ ಗಡಿಯಾರ ನೋಡಿದಳು. ಅಮ್ಮ ಕತ್ತರಿಯನ್ನು ಕೆಳಗಿಟ್ಟು ನೀಲಿ ಬಟ್ಟೆಯ ಸಮೇತ ಇಡೀ ಮೇಜನ್ನು ಖಾಲಿ ಮಾಡಿದಳು. ಗ್ಲೌಸ್ ಕಿತ್ತು, ಕೈ ತೊಳೆಯಲು ಹೋದಳು. ಹೊಸ ಬಟ್ಟೆಯ ಮೇಲೆ ಅರ್ಧ ಸಾಲು ಜೋಡಿಸುವಷ್ಟರಲ್ಲಿ ಗಡಿಯಾರದ ಗಂಟೆ ಹೊಡೆಯಿತು.

"ಸೋಮವಾರದ ಬ್ಯಾಚ್ ತಪ್ಪಿತು," ಎಂದರು ಮೇಡಂ. "ಮುಂದಿನ ತಿಂಗಳು ಮತ್ತೆ ಬನ್ನಿ. ಖಂಡಿತ ಬನ್ನಿ."

"ಛೆ, ಮುಚ್ಚಿಟ್ಟಿದ್ರೆ ಟೆಸ್ಟ್ ಮುಗ್ದೇ ಹೋಗ್ತಿತ್ತು," ಎಂದ ಅಣ್ಣ ಎದ್ದು ಕೂರುತ್ತಾ. ಆಮೇಲೆ ತನ್ನ ಹೊಟ್ಟೆಯನ್ನೊಮ್ಮೆ ಸವರಿಕೊಂಡ. "ಅಲ್ಲ, ಹೇಳಿದ್ದೇ ಒಳ್ಳೇದಾಯ್ತು ಬಿಡು."

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳು ಅಳುತ್ತಿದ್ದಾಳೆಂದು ಯಾಕಮ್ಮನಿಗೆ ಗೊತ್ತಾಯಿತು.

"ಅಮ್ಮಾ, ನಂಗೆ ಬೈಯಲ್ವಾ?"

ಅಮ್ಮ ಮೂಗು ಒರೆಸಿಕೊಂಡಳು. "ಮುಟ್ಟಿದ್ದಕ್ಕೆ ಬೈಬೇಕು. ಹೇಳಿದ್ದಕ್ಕೆ ಮುದ್ದು ಮಾಡ್ಬೇಕು. ಎರಡೂ ಒಟ್ಟಿಗೆ ತಂದಿಟ್ರೆ ನಾನು ಯಾವುದನ್ನ ಮಾಡ್ಲಿ?"

"ಯಾವುದು ಮೊದ್ಲು?"

"ಬೈಯೋದು." ಅಮ್ಮ ಅವಳ ಕಿವಿ ಹಿಂಡಿದಳು. ಆಮೇಲೆ ಆ ಕಿವಿಯನ್ನು ಬಿಡದೆ, ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.

ಸಂಜೆ ಊಟದ ಮೇಜಿನ ಮೇಲೆ ಮತ್ತೆ ನೀಲಿ ಬಟ್ಟೆ ಬಂತು. ಅಪ್ಪ ಪೆನ್ಸಿಲ್ ಹುಡುಕಲು ಹೊರಟ. ಯಾಕಮ್ಮ ದೂರ ನಿಂತು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ನೋಡ್ತಾ ಇರು," ಎಂದಳು ಅಮ್ಮ.

ಯಾಕಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಚಮಚಗಳ ಸಾಲು ಮುಗಿಯಿತು, ಫೋರ್ಕುಗಳ ಸಾಲು ಮುಗಿಯಿತು. ಎರಡೇ ಎರಡು ಕ್ಲಿಪ್ಪು ಬಾಕಿ ಇದ್ದಾಗ ಅಮ್ಮನ ಮೊಣಕೈ ಹಿಂದಿನ ಕುರ್ಚಿಗೆ ತಾಗಿತು. ಅಮ್ಮನಿಗೆ ಅದು ಗೊತ್ತೇ ಆಗಲಿಲ್ಲ. ಬೆಳಗಿನಿಂದ ನಿಂತೂ ನಿಂತೂ ಅವಳ ಮುಖ ಬಾಡಿತ್ತು.

ಯಾಕಮ್ಮ ಕುರ್ಚಿಯ ಕಡೆ ಗಲ್ಲ ತೋರಿದಳು. "ಅಮ್ಮಾ, ಮೊಣಕೈ ತಾಗಿತು."

"ತಾಗಿತಾ?"

"ಹೂಂ. ಒಂಚೂರು."

ಅಮ್ಮ ಮೊಣಕೈ ತಿರುಗಿಸಿ ನೋಡಿಕೊಂಡಳು. ಆಮೇಲೆ ಚಮಚಗಳನ್ನೆಲ್ಲ ಬಾಚಿಕೊಂಡು ತೊಳೆಯಲು ನಡೆದಳು. ಒಂಚೂರಿಗೆ ಅಷ್ಟೊಂದು ಚಮಚ ತೊಳೆಯಬೇಕು. ಯಾಕಮ್ಮ ಯಾಕೆ ಎಂದು ಕೇಳಲಿಲ್ಲ. ಒಗೆದ ನೀಲಿ ಬಟ್ಟೆ ಇನ್ನೊಂದಿತ್ತಲ್ಲ, ಅದನ್ನು ತರಲು ಒಳಗೆ ಓಡಿದಳು.