ಸಾಂತಪ್ಪನ ಹೆಸರಿಗೆ ಬಿದ್ದ ಟಗರು

ಗುಂಡು ಹಿಂದಿನ ಗಾಜಿಗೆ ಬಿತ್ತು.

ಗಾಜು ಪುಡಿಪುಡಿ... ತಲೆ ತಗ್ಗಿಸಿದೆ. ಆಕ್ಸಿಲರೇಟರ್ ಬಿಡಲಿಲ್ಲ. ಸೌದಿಯ ತಬೂಕ್ ಪಟ್ಟಣ ಹಿಂದೆ ಉಳಿದಿತ್ತು. ಮುಂದೆ ಬರೀ ಮರಳು, ಡಾಮರು ರಸ್ತೆ, ನೆತ್ತಿ ಸುಡುವ ಬಿಸಿಲು. ಪಕ್ಕದ ಸೀಟಿನಲ್ಲಿ ಸಾಂತಪ್ಪನ ಬಿಳಿ ಅಡುಗೆ ಟೋಪಿ ಅಲ್ಲಾಡುತ್ತಿತ್ತು. ಹಿಂದಿನ ಜೀಪಿನಲ್ಲಿ ಕಫೀಲನ, ಅಂದರೆ ನಮ್ಮನ್ನು ಕೆಲಸಕ್ಕೆ ತರಿಸಿದ ಅರಬಿ ಧಣಿಯ, ತಮ್ಮ ಮಿಶಾಲ್, ಕೈಯಲ್ಲಿ ಬೇಟೆಯ ರೈಫಲ್.

ಎಂತ ಆಯ್ತು ಅಂತ ಕೇಳ್ತೀಯಲ್ಲ ಮಾರಾಯ, ಹೇಳ್ತೇನೆ.

ನಮ್ಮ ಕಫೀಲನಿಗೆ ಬೇಟೆಯ ಹುಚ್ಚು. ಮಧ್ಯ ಏಷ್ಯಾದ ಒಂದು ಬೆಟ್ಟದ ದೇಶಕ್ಕೆ ಹೋಗಿ ದೊಡ್ಡ ಕೊಂಬಿನ ಕಾಡುಟಗರು ಹೊಡೆಯಬೇಕು. ಅಲ್ಲಿ ವರ್ಷಕ್ಕೆ ಕೊಡುವುದು ಬೆರಳೆಣಿಕೆಯ ಪರ್ಮಿಟ್. ಅರ್ಜಿ ಹಾಕಬೇಕು, ಡ್ರಾ ಎತ್ತುತ್ತಾರೆ. ಒಬ್ಬನಿಗೆ ಒಂದೇ ಅರ್ಜಿ. ಇವನ ಹೆಸರು ಒಮ್ಮೆಯೂ ಬರಲಿಲ್ಲ.

"ಮಿಸ್ಬಾಹ್, ಈ ಸಲ ಕೆಲಸದವರೆಲ್ಲರ ಹೆಸರಲ್ಲೂ ಹಾಕು," ಅಂದ ನನಗೆ.

ಅವನ ಲೆಕ್ಕ ಇಲ್ಲಿಯ ಲೆಕ್ಕ. ಬೀದಿಯ ತರಕಾರಿ ಅಂಗಡಿ ಅವನ ಹೆಸರಲ್ಲಿ, ನಡೆಸುವವ ನಮ್ಮ ಕೋಯ. ಹಾಗೇ ಪರ್ಮಿಟ್ ಕೆಲಸದವನ ಹೆಸರಲ್ಲಿ, ಟಗರು ತನಗೆ. ಆದರೆ ಆ ದೇಶದಲ್ಲಿ ಅದು ನಡೆಯೋದಿಲ್ಲ. ಯಾರ ಹೆಸರೋ ಅವನೇ ಪಾಸ್‌ಪೋರ್ಟ್ ಹಿಡಿದು ಬಂದು ನಿಲ್ಲಬೇಕು. ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಡ್ರಾ ಬಂತು. ಅಡುಗೆಯ ಸಾಂತಪ್ಪ! ಕೋಳಿ ಕೊಯ್ಯಲಿಕ್ಕೂ ನನ್ನನ್ನು ಕರೆಯುವ ಮನುಷ್ಯ.

ಅವನು ಇಲ್ಲಿಗೆ ಬಂದ ಮೇಲೆ ಊರಲ್ಲಿ ಹುಟ್ಟಿದವಳು ಮಗಳು ಶರ್ಮಿಳಾ. ಅಪ್ಪ ಅಂದರೆ ಫೋನು ಅಂತಲೇ ತಿಳಿದಿದ್ದಾಳೆ. ರಜೆ ಕೇಳಿದಾಗಲೆಲ್ಲ ಕಫೀಲ್ "ನಾಳೆ ನೋಡೋಣ" ಅಂದ. ಪಾಸ್‌ಪೋರ್ಟ್ ಮಾತ್ರ ಸೇಫಿನಲ್ಲಿ.

ಸಾಂತಪ್ಪನೇ ಅಲ್ಲಿಗೆ ಬಂದು ನಿಲ್ಲಬೇಕು ಅಂತ ಈಗ ಕಫೀಲನಿಗೆ ಹೇಳಿದೆ. ಟಗರಿಗಾಗಿ ಸೇಫ್ ಬಾಗಿಲು ತೆರೆಯಿತು. ದೇಶ ಬಿಟ್ಟು ಹೋಗಲು ಕಫೀಲ್ ಕೊಡಬೇಕಾದ ಎಕ್ಸಿಟ್ ವೀಸಾ ಆಯ್ತು. "ಆ ದೇಶದ ವೀಸಾ ಹಾಕಿಸಿಕೊಂಡು ಬಾ" ಅಂತ ಪಾಸ್‌ಪೋರ್ಟನ್ನು ನನ್ನ ಕೈಗೇ ಕೊಟ್ಟ.

ನಾನು ಮಂಗಳೂರಿಗೆ ಟಿಕೆಟ್ ಮಾಡಿಸಿದೆ.

ಹೊರಡುವ ಬೆಳಿಗ್ಗೆ ಟ್ರಾವೆಲ್ಸಿನವನು ಕಫೀಲನಿಗೆ ಊದಿಬಿಟ್ಟ. ಕೂಡಲೇ ನನಗೆ ಫೋನ್.

"ಅವನ ಎಕ್ಸಿಟ್ ಕ್ಯಾನ್ಸಲ್ ಮಾಡು."

"ಕಂಪ್ಯೂಟರಲ್ಲಿ ನೀವೇ ಮಾಡಿ."

"ಪಾಸ್‌ವರ್ಡ್ ಏನು?"

ಫೋನ್ ಇಟ್ಟೆ. ಅವನ ಆನ್‌ಲೈನ್ ಕೆಲಸವೆಲ್ಲ ನಾನೇ ಮಾಡುವುದು. ಪಾಸ್‌ವರ್ಡ್ ಅವನಿಗೆ ಯಾವತ್ತೂ ಬೇಕಾಗಿರಲಿಲ್ಲ.

ಹಾಗಾಗಿ ರೈಫಲ್ ಬಂತು.

ಎರಡನೇ ಗುಂಡಿಗೆ ಟೈರ್ ಒಡೆಯಿತು. ಗಾಡಿ ಮರಳಿಗೆ ಇಳಿದು ನಿಂತಿತು. ಮಿಶಾಲ್ ಓಡಿ ಬಂದು ಬಾಗಿಲು ಎಳೆದ, ಟೋಪಿಗೆ ಕೈ ಹಾಕಿದ. ಟೋಪಿಯ ಕೆಳಗೆ ಬಾಸ್ಮತಿ ಚೀಲ.

"ಎಲ್ಲಿ ಅವನು?"

ನನ್ನ ಫೋನ್ ಟಿಂಗ್ ಅಂದಿತು. ಸಾಂತಪ್ಪನ ಮೆಸೇಜು. ಕೋಯನ ತರಕಾರಿ ಗಾಡಿ ಅವನನ್ನು ಏರ್‌ಪೋರ್ಟಿಗೆ ಮುಟ್ಟಿಸಿತ್ತು. ಇಮಿಗ್ರೇಶನ್ ಸೀಲು ಬಿದ್ದಾಗಿತ್ತು.

"ಮಗಳನ್ನು ನೋಡಲಿಕ್ಕೆ ಹೋದ," ಅಂದೆ.

ರೈಫಲಿನ ಹಿಡಿ ದವಡೆಗೆ ಬಿತ್ತು. ಬಾಯಿ ತುಂಬ ರಕ್ತ... ಆದರೂ ನಗು ಬಂತು. ಆಮೇಲೆ ಹೆದರಿಕೆ ಬಂತು. ನನ್ನ ಹೆಂಡತಿ ಆಮಿನತ್ ಕೂಡ ಊರಲ್ಲಿ ದಾರಿ ನೋಡುತ್ತಿದ್ದಾಳೆ.

ಇಷ್ಟು ವರ್ಷ ನನ್ನ ಪಾಸ್‌ಪೋರ್ಟ್ ನನ್ನ ಹತ್ತಿರವೇ ಇತ್ತು, ನಂಬಿಕೆಯವನು ಅಂತ. ಸಂಜೆ ಕಫೀಲ್ ಅದನ್ನು ಕಿತ್ತುಕೊಂಡ.

ಸೇಫಿನಲ್ಲಿ ಒಂದು ಜಾಗ ಖಾಲಿಯಾಗಿತ್ತಲ್ಲ.